ಮುಂಡಾಸು ಸುತ್ತಿದ ಅತ್ತೆಯ ಚಿತ್ರ

ಲಾಕ್‌ಡೌನಿನಲ್ಲಿ ವಿಮಾನಗಳು ನಿಂತುಹೋಗಿ, ಮೊಮ್ಮಗಳನ್ನು ನೋಡಲೆಂದು ಉಡುಪಿಯಿಂದ ಬಂದಿದ್ದ ನಮ್ಮತ್ತೆ ಕಡಲಾಚೆಯ ನಿಲಾಯ್ ಊರಿನ ನಮ್ಮ ಫ್ಲ್ಯಾಟಿನಲ್ಲೇ ಉಳಿದುಬಿಟ್ಟಿದ್ದರು. ನನ್ನ ಗಂಡ ಮಲಗುವ ಕೋಣೆಯಿಂದಲೇ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ವಿದೇಶದ ಮ್ಯೂಸಿಯಮ್ಮುಗಳನ್ನು ಸುತ್ತುತ್ತಿದ್ದೆ.

ಅಲ್ಲಿ ಒಂದು ಚಿತ್ರ ಸಿಕ್ಕಿತು. ಸುಮಾರು ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಕಲಾವಿದೆಯೊಬ್ಬಳು ತನ್ನ ಗೆಳತಿಯನ್ನು ಎದುರು ಕೂರಿಸಿಕೊಂಡು, ಕಂದು ಕಾಗದದ ಮೇಲೆ ಕಪ್ಪು ಬಿಳಿ ಬಳಪದಲ್ಲಿ ಬರೆದದ್ದು. ತಲೆಗೆ ರೇಷ್ಮೆಯ ಮುಂಡಾಸು, ತುಟಿ ಬಿಗಿ, ಕಣ್ಣು ಮಾತ್ರ ಇನ್ನೇನು ನಕ್ಕೇಬಿಡುತ್ತದೆ ಎನ್ನುವಂತೆ. ಇಬ್ಬರು ಹೆಂಗಸರ ನಡುವಿನ ಆ ಸಲುಗೆ ಕಂಡು ನನ್ನ ಕೈ ತುರಿಸತೊಡಗಿತು. ಕಾಲೇಜು ಮುಗಿದ ಮೇಲೆ ನಾನು ಚಿತ್ರ ಬರೆದೇ ಇರಲಿಲ್ಲ.

ಕಾಗದ, ಬಣ್ಣದ ಅಂಗಡಿಗಳೆಲ್ಲ ಮುಚ್ಚಿದ್ದವು. ಊಟ ತಪಾವ್, ಅಂದರೆ ಇಲ್ಲಿಯ ಪಾರ್ಸೆಲ್, ತಂದಿದ್ದ ಕಂದು ಚೀಲವನ್ನೇ ಕತ್ತರಿಸಿ ಹರಡಿದೆ. ಬಿಳಿಗೆ ಮಗಳ ಸೀಮೆಸುಣ್ಣ, ಕಪ್ಪಿಗೆ ನನ್ನ ಕಾಡಿಗೆ ಪೆನ್ಸಿಲ್.

"ಅತ್ತೆ, ಹೀಗೆ ಸ್ವಲ್ಪ ಹೊತ್ತು ಕೂತ್ಕೋತೀರಾ?" ಎಂದು ಚಿತ್ರ ತೋರಿಸಿದೆ.

"ಇವಳೆಂಥ ಮಾರಾಯ್ತಿ, ಮಿಂದು ಬಂದವಳ ಹಾಗೆ ತಲೆಗೆ ಬೈರಾಸು ಸುತ್ತಿದ್ದಾಳೆ!" ಎಂದರೂ ನನ್ನ ಹಸಿರು ದುಪಟ್ಟಾ ಎಳೆದುಕೊಂಡು ತಾವೇ ಸುತ್ತಿಕೊಂಡರು. ಹೇಗೆ ಕಾಣುತ್ತೇನೋ ಎಂದು ಕನ್ನಡಿ ನೋಡಲು ನೇರ ಮಲಗುವ ಕೋಣೆಗೆ ನುಗ್ಗಿದರು.

"ಅಮ್ಮಾ, ಕ್ಯಾಮೆರಾ ಆನ್ ಉಂಟು!" ಎಂದು ನನ್ನ ಗಂಡ ಕೂಗಿದರು.

ಲ್ಯಾಪ್‌ಟಾಪಿನಿಂದ ಯಾವುದೋ ಹುಡುಗಿಯ ದನಿ ಬಂತು: "ಡಾಕ್ಟರ್, ಯುವರ್ ಮದರ್ ಸೋ ಸ್ಟೈಲಿಶ್ ಲಾ!"

ಅತ್ತೆ ಇಡೀ ತರಗತಿಗೆ ಕೈಮುಗಿದು ಹೊರಬಂದರು. ಆಮೇಲೆ ಅವರ ನಗು ನಿಲ್ಲಲೇ ಇಲ್ಲ. ತುಟಿ ಬಿಗಿದಷ್ಟೂ ಭುಜ ಕುಲುಕುತ್ತಿತ್ತು. "ಅಜ್ಜಿ, ಡೋಂಟ್ ಮೂವ್!" ಎಂದು ಗದರಿದ ಮಗಳೂ ಬಿದ್ದು ಬಿದ್ದು ನಕ್ಕಳು. ನನ್ನ ಕಾಡಿಗೆ ಗೆರೆ ಅವರ ಕಿವಿಯಿಂದ ಆಚೆ ಹೋಯಿತು. ಕೊನೆಗೆ ಫ್ರಾನ್ಸಿನ ಬಿಗಿ ತುಟಿಯ ಆಸೆ ಬಿಟ್ಟು, ಬಾಯಿ ತುಂಬ ನಗುವ ಅತ್ತೆಯನ್ನೇ ಬರೆದೆ.

ಅವರು ಕಾಗದ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಬಿದ್ದ ಹಲ್ಲಿನ ಜಾಗವನ್ನೂ ಬಿಡ್ಲಿಲ್ಲ ಅಲ್ವಾ ನೀನು!" ಎನ್ನುತ್ತ ಫೋಟೊ ತೆಗೆದು ತಂಗಿಗೆ ಕಳಿಸಿಯೇಬಿಟ್ಟರು.

ಐದು ನಿಮಿಷದಲ್ಲಿ ಉಡುಪಿಯಿಂದ ವಿಡಿಯೊ ಕಾಲ್. "ಅಕ್ಕಾ, ನಂದೂ ಬರಿಲಿಕ್ಕೆ ಹೇಳು!" ಚಿಕ್ಕತ್ತೆಯ ತಲೆಯ ಮೇಲೆ ಆಗಲೇ ಮೇಜಿನ ಹೊದಿಕೆ. ಅವರು ಪೋಸು ಕೊಡುವಷ್ಟರಲ್ಲಿ ನೆಟ್‌ವರ್ಕ್ ಸಿಕ್ಕಿಹಾಕಿಕೊಂಡು, ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಹೋದರು.

"ಬೇಗ ಬೇಗ ಬರಿ, ಈಗ ಅಲ್ಲಾಡುದಿಲ್ಲ ಅವಳು!" ಎಂದರು ಅತ್ತೆ.

ನಾನು ಇನ್ನೊಂದು ಚೀಲಕ್ಕೆ ಕತ್ತರಿ ಹಾಕಿದೆ.