ಸೀಸೆಯೊಳಗಿನ ಕೆರೆ

ನೀರು ಸಂಶೋಧನಾಲಯದಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು. ಎದುರಿಗೆ ಎಲ್ಲರಿಗೂ ಮೇಡಂ, ಬೆನ್ನ ಹಿಂದೆ ಉಪ್ಪಕ್ಕ. ಕಾರಣ ಆಕೆಯ ಅಡುಗೆಯಲ್ಲ, ನಾಲಿಗೆಯೂ ಅಲ್ಲ. ನೀರಿನಲ್ಲಿ ಸೋಡಿಯಂ ಎಷ್ಟಿದೆ, ಕ್ಲೋರೈಡ್ ಎಷ್ಟಿದೆ ಎಂದು ಅಳೆಯುವುದು ಆಕೆಯ ಕೆಲಸ. ಎರಡೂ ಕೂಡಿದರೆ ಅಡುಗೆಮನೆಯ ಉಪ್ಪು. "ಒಂದೇ ಉಪ್ಪನ್ನ ಎರಡು ಸಲ ಅಳೆದು ಇಬ್ಬರ ಕೆಲಸ ಮಾಡಿದ ಹಾಗೆ ತೋರಿಸ್ತಾರೆ" ಎಂದು ಪಕ್ಕದ ಹೂಳು ವಿಭಾಗದವರು ಟೀ ಕುಡಿಯುವಾಗ ಹೇಳಿಕೊಂಡು ನಗುತ್ತಿದ್ದರು. ವರ್ಷವಿಡೀ ಕೆರೆಯ ತಳದ ಕೆಸರನ್ನು ಜರಡಿ ಹಿಡಿಯುವವರಾದ್ದರಿಂದ ಯಾವುದು ಘನತೆಯ ಕೆಲಸ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲೂ ಆಕೆಯ ವಿಜ್ಞಾನಕ್ಕೆ ಅಷ್ಟೇ ಮರ್ಯಾದೆ. ಅತ್ತೆ ನೆರೆಹೊರೆಯವರಿಗೆ "ನಮ್ಮ ಸೊಸೆ ನೀರಿನ ಆಫೀಸಲ್ಲಿದಾಳೆ" ಎಂದು ಪರಿಚಯಿಸುತ್ತಿದ್ದರು. ಹಾಗಾಗಿ ನಲ್ಲಿ ಸೋರಿದರೂ ಟ್ಯಾಂಕು ತುಂಬದಿದ್ದರೂ ಬೀದಿಯವರೆಲ್ಲ ಆಕೆಯ ಬಾಗಿಲು ತಟ್ಟುತ್ತಿದ್ದರು. ಗಂಡ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು. ಒಂದೇ ಊಟದಲ್ಲಿ ಅಮ್ಮನಿಗೂ ಹೆಂಡತಿಗೂ ಹೂಂಗುಟ್ಟಿ, ಇಬ್ಬರಿಗೂ ಅನುಮಾನ ಬಾರದ ಹಾಗೆ ಕೈ ತೊಳೆದು ಏಳುವುದು ಅವರ ನಿಜವಾದ ಕಲೆ.

ಉಪ್ಪಕ್ಕನ ಕೋಣೆ ಎರಡನೇ ಮಹಡಿಯಲ್ಲಿತ್ತು. ಕಿಟಕಿಯ ಉದ್ದಕ್ಕೂ ಮರದ ಕಪಾಟು, ಅದರ ತುಂಬ ಗಾಜಿನ ಸೀಸೆಗಳು, ಸೀಸೆಗಳ ತುಂಬ ಊರಿನ ಕೆರೆ. ಆಕೆ ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ತಿಂಗಳೂ ಕೆರೆಯ ನಡುಮಧ್ಯದಿಂದ ತಂದ ನೀರನ್ನು ಒಂದೊಂದು ಸೀಸೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಿಂಗಳು ಬರೆದು ಸಾಲಾಗಿ ಇಟ್ಟಿದ್ದಳು. ಪ್ಲಾಸ್ಟಿಕ್ಕಿನ ಕ್ಯಾನು ಹಗುರ, ಅಗ್ಗ, ಬಿದ್ದರೆ ಒಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಆಕೆ ಮುಖ ಸಿಂಡರಿಸುತ್ತಿದ್ದಳು. "ಗಾಜು ಏನೂ ಕೊಡಲ್ಲ, ಏನೂ ತಗೊಳ್ಳಲ್ಲ" ಎನ್ನುತ್ತಿದ್ದಳು. ಗಂಡನ ಬಗ್ಗೆ ಆಕೆಗೆ ಅಷ್ಟು ನಂಬಿಕೆ ಇದ್ದದ್ದು ಯಾರೂ ಕಂಡಿಲ್ಲ.

ಹೀಗಿರುವಾಗ ಸಂಶೋಧನಾಲಯಕ್ಕೆ ಹೊಸ ಯಂತ್ರ ಬಂತು. ನೀರನ್ನು ಸಣ್ಣ ಉರಿಗೆ ಹೀರಿಕೊಂಡು, ಉರಿ ಎಷ್ಟು ಹಳದಿಯಾಯಿತು ಎಂದು ನೋಡಿ ಸೋಡಿಯಂ ಎಷ್ಟೆಂದು ಹೇಳುವ ಯಂತ್ರ. ಹಳೆಯ ಯಂತ್ರ ಹೇಳುತ್ತಿದ್ದದ್ದು ಅಂದಾಜು; ಇದು ಹೇಳುತ್ತಿದ್ದದ್ದು ಲೆಕ್ಕ. ಉಪ್ಪಕ್ಕನಿಗೆ ಒಂದು ಯೋಚನೆ ಹೊಳೆಯಿತು: ಹಳೆಯ ಸೀಸೆಗಳನ್ನೆಲ್ಲ ಈ ಹೊಸ ಯಂತ್ರದಲ್ಲೇ ಮತ್ತೊಮ್ಮೆ ಅಳೆದುಬಿಟ್ಟರೆ ಕೆರೆಯ ಇಡೀ ಚರಿತ್ರೆ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದಲ್ಲ! ಕಪಾಟಿನ ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಬಂದಳು. ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದು ನಿಂತಳು. ಅತ್ಯಂತ ಹಳೆಯ ಸೀಸೆಯಲ್ಲಿ ಸೋಡಿಯಂ ಹೆಚ್ಚು, ಅಲ್ಲಿಂದ ಮುಂದಕ್ಕೆ ಮೆಟ್ಟಿಲಿಳಿದಂತೆ ಕಡಿಮೆ, ಇನ್ನೂ ಕಡಿಮೆ. ಅಂದರೆ ವರ್ಷದಿಂದ ವರ್ಷಕ್ಕೆ ಕೆರೆ ಸಿಹಿಯಾಗುತ್ತಿದೆ!

ಕ್ಲೋರೈಡ್ ಮಾತ್ರ ಈ ಸಂಭ್ರಮಕ್ಕೆ ಬರಲಿಲ್ಲ. ಅದನ್ನು ಅಳೆಯುವುದು ಹಳೆಯ ರೀತಿಯಲ್ಲೇ. ನೀರಿಗೆ ಬಣ್ಣ ತೋರಿಸುವ ಸೂಚಕ ಬೆರೆಸಿ, ಬೆಳ್ಳಿಯ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಕ್ಲೋರೈಡ್ ಮುಗಿದ ಕೂಡಲೇ ನೀರು ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಹಳೆಯ ಸೀಸೆಗೂ ಹೊಸ ಸೀಸೆಗೂ ಹೆಚ್ಚುಕಮ್ಮಿ ಅಷ್ಟೇ ತೊಟ್ಟು ಹಿಡಿಯಿತು. ಉಪ್ಪು ಕಡಿಮೆಯಾದರೆ ಎರಡೂ ಕಡಿಮೆಯಾಗಬೇಕು. ಒಂದು ಇಳಿದು ಇನ್ನೊಂದು ಕದಲದೆ ಕೂತಿದೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಉಪ್ಪಕ್ಕ ಇದಕ್ಕೆ ವೈಜ್ಞಾನಿಕವಾದ ಪರಿಹಾರ ಕಂಡುಕೊಂಡಳು: "ಸ್ಥಳೀಯ ಕಾರಣಗಳಿಂದಾಗಿ" ಎಂದು ಒಂದು ಸಾಲು ಬರೆದಳು.

ಪ್ರಬಂಧ ಪ್ರಕಟವಾಯಿತು. ಕೆರೆ ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ ಎಂದು ಪತ್ರಿಕೆಗಳು ಬರೆದವು. ನಗರಸಭೆಯವರು ಕೆರೆಯ ಸುತ್ತ ಬೆಂಚು ಹಾಕಿದ್ದರ ಫಲ ಇದು ಎಂದರು. ಡೈರೆಕ್ಟರು ತಮ್ಮ ದೂರದೃಷ್ಟಿಯ ಫಲ ಎಂದರು. ಉಪ್ಪಕ್ಕನಿಗೆ ಗಾಜಿನ ಫಲಕವೊಂದು ಬಹುಮಾನವಾಗಿ ಸಿಕ್ಕಿತು. ಅತ್ತೆ ಅದನ್ನು ಟಿ.ವಿ.ಯ ಮೇಲಿಟ್ಟು, ಬಂದವರಿಗೆಲ್ಲ "ಕೆರೆ ಶುದ್ಧ ಮಾಡಿದ್ದು ನಮ್ಮ ಸೊಸೆಯೇ" ಎಂದು ಹೇಳತೊಡಗಿದರು. ಉಪ್ಪಕ್ಕ ಮೊದಮೊದಲು ತಿದ್ದಿದಳು. ಆಮೇಲೆ ತಿದ್ದುವುದನ್ನು ಬಿಟ್ಟಳು. ಕೇಳಲು ಹಿತವಾಗಿಯೇ ಇತ್ತು.

ಕೆರೆ ಶುದ್ಧವಾಗುತ್ತಿರುವ ಸುದ್ದಿ ಎಲ್ಲರಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಕೆರೆಯ ಮೇಲ್ಗಡೆ ಬರಲಿದ್ದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರಿಗೆ. ಬಣ್ಣ ಬಟ್ಟೆಗೆ ಹಿಡಿಯಲು ರಾಶಿ ಉಪ್ಪು ಬೇಕು. ಆಮೇಲೆ ಆ ಉಪ್ಪುನೀರು ಎಲ್ಲಾದರೂ ಹೋಗಬೇಕು. ಕೆರೆ ಹೇಗೂ ತನ್ನ ಉಪ್ಪನ್ನು ತಾನೇ ಕಳೆದುಕೊಳ್ಳುತ್ತಿದೆಯಲ್ಲ, ನಮ್ಮದನ್ನೂ ಸ್ವಲ್ಪ ಸೇರಿಸಿಕೊಳ್ಳಲಿ ಎಂದು ಅವರು ಅರ್ಜಿ ಹಾಕಿದರು. ಸಾರ್ವಜನಿಕ ಸಭೆ ಗೊತ್ತಾಯಿತು. ತಜ್ಞೆಯಾಗಿ ಎರಡು ಮಾತಾಡಬೇಕಾದವಳು ಉಪ್ಪಕ್ಕ.

ಸಭೆಗೆ ಮುಂಚೆ ಪತ್ರಿಕೆಯವರು ಆಕೆಯ ಫೋಟೋ ತೆಗೆಯಲು ಬರುವವರಿದ್ದರು. ಕಪಾಟಿನ ಧೂಳು ಒರೆಸಿ ಸೀಸೆಗಳನ್ನು ಹೊಳೆಯುವಂತೆ ಮಾಡಬೇಕು ಎಂದು ಡೈರೆಕ್ಟರ ಅಪ್ಪಣೆ. ಒರೆಸುತ್ತ ಒರೆಸುತ್ತ ಉಪ್ಪಕ್ಕ ಸಾಲಿನ ಮೂಲೆಯಲ್ಲಿ ಬೇರೊಂದು ಸೀಸೆ ಕಂಡಳು. ಮೇಲೆ ಆಕೆಯದೇ ಹಳೆಯ ದುಂಡು ಅಕ್ಷರ: ಬಟ್ಟಿ ಇಳಿಸಿದ ನೀರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹುರುಪು ಇನ್ನೂ ಮಾಸದಿದ್ದಾಗ, ಹೋಲಿಕೆಗಿರಲಿ ಎಂದು ಏನೂ ಇಲ್ಲದ ಶುದ್ಧ ನೀರನ್ನು ತುಂಬಿಟ್ಟು ಮರೆತೇಬಿಟ್ಟಿದ್ದಳು.

ಫೋಟೋದವರು ಹೋದ ಮೇಲೆ ಸುಮ್ಮನೆ ನೋಡೋಣವೆಂದು ಅದನ್ನು ಯಂತ್ರಕ್ಕೆ ಕೊಟ್ಟಳು. ಉರಿ ಹಳದಿಯಾಯಿತು. ಸಂಕೋಚವಿಲ್ಲದ, ಮುಖಕ್ಕೆ ಹೊಡೆಯುವ ಹಳದಿ. ಕ್ಲೋರೈಡಿಗೆ ನೋಡಿದರೆ ಮೊದಲ ತೊಟ್ಟಿಗೇ ನೀರು ಕೆಂಪಾಯಿತು. ಅಂದರೆ ಕ್ಲೋರೈಡ್ ಎಳ್ಳಷ್ಟೂ ಇಲ್ಲ. ಕೆರೆಯನ್ನೇ ಕಾಣದ ನೀರಿಗೆ ಕೆರೆಯ ಸೋಡಿಯಂ ಎಲ್ಲಿಂದ ಬಂತು?

ಮೊದಲು ಯಂತ್ರವನ್ನು ಬೈದಳು. ಆಮೇಲೆ ಸೀಸೆ ತೊಳೆದವರನ್ನು ಬೈದಳು. ತೊಳೆದದ್ದು ತಾನೇ ಎಂದು ನೆನಪಾಗಿ ಸುಮ್ಮನಾದಳು. ಮರುದಿನದಿಂದ ಹೊಸದಾಗಿ ಬಟ್ಟಿ ಇಳಿಸಿದ ನೀರನ್ನು ಕೆಲವು ಗಾಜಿನ ಸೀಸೆಗಳಿಗೂ ಕೆಲವು ಪ್ಲಾಸ್ಟಿಕ್ ಕ್ಯಾನುಗಳಿಗೂ ತುಂಬಿ, ಕಾಲ ಬೇಗ ಓಡಲೆಂದು ಸದಾ ಬೆಚ್ಚಗಿರುವ ಶಾಖಪೆಟ್ಟಿಗೆಯಲ್ಲಿಟ್ಟಳು. ಕೆಲವು ವಾರ ಕಳೆದು ಅಳೆದಾಗ ಆಕೆ ಮುಖ ಸಿಂಡರಿಸುತ್ತಿದ್ದ ಪ್ಲಾಸ್ಟಿಕ್ ಏನನ್ನೂ ಬಿಟ್ಟಿರಲಿಲ್ಲ. ನಿಷ್ಠಾವಂತ ಗಾಜು ಮಾತ್ರ ಒಳಗೊಳಗೇ ಸೋಡಿಯಂ ಬಿಟ್ಟುಕೊಂಡು ಕೂತಿತ್ತು.

ಉಪ್ಪಕ್ಕ ಕಪಾಟಿನ ಎದುರು ಸ್ಟೂಲಿನ ಮೇಲೆ ಕುಕ್ಕರಿಸಿದಳು. ಇಷ್ಟು ವರ್ಷ ಕ್ಲೋರೈಡ್ ಒಂದೇ ಸಮನೆ ನಿಜ ಹೇಳುತ್ತ ಬಂದಿತ್ತು. ತಾನು ಅದರ ಬಾಯಿಗೆ "ಸ್ಥಳೀಯ ಕಾರಣ" ಎಂಬ ಬಟ್ಟೆ ತುರುಕಿದ್ದಳು. ಅಳು ಬಂತು. ಅಳುತ್ತಲೇ, ಕಣ್ಣೀರಿನಲ್ಲಿ ಸೋಡಿಯಮ್ಮೂ ಕ್ಲೋರೈಡೂ ಎರಡೂ ಸರಿಯಾಗಿಯೇ ಇರುತ್ತವೆ ಎಂದು ಹೊಳೆದು ಇನ್ನಷ್ಟು ಸಿಟ್ಟು ಬಂತು.

ಡೈರೆಕ್ಟರ ಕೋಣೆಗೆ ಹೋಗಿ ನಿಂತಳು.

"ಸರ್, ಕೆರೆ ಶುದ್ಧ ಆಗ್ತಿಲ್ಲ."

"ಮತ್ತೆ?"

"ಬಾಟಲಿ ಕರಗ್ತಿದೆ."

ಡೈರೆಕ್ಟರು ಮೇಜಿನ ಮೇಲಿದ್ದ ತಮ್ಮ ಗಾಜಿನ ಲೋಟದ ಕಡೆ ನೋಡಿದರು. ಅದು ಇನ್ನೂ ಇತ್ತು.

"ಕರಗಿದ್ರೆ ನೀರು ಸೋರಬೇಕಿತ್ತಲ್ಲ, ಮೇಡಂ?"

"ಕಣ್ಣಿಗೆ ಕಾಣೋ ಹಾಗೆ ಕರಗಲ್ಲ ಸರ್. ಗಾಜು ಮಾಡೋವಾಗ ಮರಳಿನ ಜೊತೆ ಸೋಡಾ ಹಾಕ್ತಾರೆ. ಅದರ ಸೋಡಿಯಂ ವರ್ಷಗಟ್ಟಲೆ ನಿಧಾನವಾಗಿ ನೀರಿಗೆ ಇಳಿಯತ್ತೆ. ಹಳೇ ಬಾಟಲಿಲಿ ಜಾಸ್ತಿ ಇಳಿದಿದೆ, ಹೊಸದರಲ್ಲಿ ಕಮ್ಮಿ. ನಾನು ಅಳೆದಿದ್ದು ಕೆರೇನಲ್ಲ, ಬಾಟಲಿಗಳ ವಯಸ್ಸನ್ನ."

ಡೈರೆಕ್ಟರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದು ಯಾರ್ಯಾರಿಗೆ ಗೊತ್ತು?"

"ನನಗೆ ಗೊತ್ತು. ಈಗ ನಿಮಗೂ ಗೊತ್ತಾಯ್ತು."

"ನನಗೆ ಗೊತ್ತಿಲ್ಲ" ಎಂದರು ಡೈರೆಕ್ಟರು ತಕ್ಷಣ. "ನೋಡಿಯಮ್ಮ, ನಾನು ರಿಟೈರಾಗೋಕೆ ಇನ್ನು ಸ್ವಲ್ಪ ದಿನ ಇದೆ. ಅಲ್ಲೀತನಕ ಕೆರೆ ಶುದ್ಧವಾಗಿರಲಿ. ಆಮೇಲೆ ನಿಮಗೆ ಏನು ಬೇಕೋ ಅದನ್ನ ಕಂಡುಹಿಡೀರಿ, ನಾನು ಬೇಡ ಅನ್ನಲ್ಲ."

ಮನೆಯಲ್ಲಿ ಊಟಕ್ಕೆ ಕೂತಾಗ ಉಪ್ಪಕ್ಕ ವಿಷಯ ತೆಗೆದಳು. ಅತ್ತೆಗೆ ಬೆಂಕಿ ಬಿದ್ದಂತಾಯಿತು.

"ಯಾರಾದ್ರೂ ಬಂದು ಕೇಳಿದ್ರಾ ನಿನ್ನ?"

"ಇಲ್ಲ ಅತ್ತೆ."

"ಕೇಳದೇ ಇದ್ದಾಗ ಬಾಯಿ ಯಾಕೆ ಬಿಡ್ತೀಯ? ಮಹಡಿ ಮನೆಯವಳ ಮುಂದೆ ನಾನು ಹೇಗಮ್ಮ ತಲೆ ಎತ್ತಲಿ? ಅವಳ ಸೊಸೆಗೆ ಒಂದು ಬಹುಮಾನಾನೂ ಬಂದಿಲ್ಲ!"

"ರೀ, ನೀವಾದ್ರೂ ಹೇಳಿ" ಎಂದು ಉಪ್ಪಕ್ಕ ಗಂಡನ ಕಡೆ ತಿರುಗಿದಳು.

"ಅಮ್ಮ ಹೇಳೋದೂ ಸರಿ" ಎಂದರು ಮೇಷ್ಟ್ರು. "ನೀನು ಹೇಳೋದು ಅದಕ್ಕಿಂತ ಸರಿ" ಎಂದು ಸೇರಿಸಿ, ಕೈ ತೊಳೆಯಲು ಎದ್ದರು.

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಕಾರ್ಖಾನೆಯ ಪ್ರತಿನಿಧಿ ಕೆರೆಯ ಬಣ್ಣದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದ. ಅವುಗಳಲ್ಲಿ ಕಾರ್ಖಾನೆ ಬರಲಿದ್ದ ಜಾಗದಲ್ಲಿ ಬಾತುಕೋಳಿಗಳಿದ್ದವು. ಡೈರೆಕ್ಟರು ಉಪ್ಪಕ್ಕನ ಗುಣಗಾನ ಮಾಡಿ, ಕುಳಿತುಕೊಳ್ಳುವಾಗ ಆಕೆಯ ಕಿವಿಯಲ್ಲಿ "ಎರಡೇ ಮಾತು" ಎಂದರು. ಉಪ್ಪಕ್ಕ ಎದ್ದಳು. ಬಾಯಿ ಒಣಗಿತ್ತು. ಮುಂದಿದ್ದ ನೀರಿನ ಲೋಟ ಗಾಜಿನದು, ಮುಟ್ಟಲಿಲ್ಲ.

"ಕೆರೆ ಶುದ್ಧ ಆಗಿಲ್ಲ. ನಾನು ನೀರಿಟ್ಟಿದ್ದ ಬಾಟಲಿಗಳೇ ನೀರಿಗೆ ಸೋಡಿಯಂ ಬಿಟ್ಟಿವೆ. ನನ್ನ ಲೆಕ್ಕ ತಪ್ಪು" ಎಂದಳು.

ಹಿಂದಿನ ಸಾಲಿನಿಂದ ನಗು. ಹೂಳು ವಿಭಾಗದವರೆಲ್ಲ ಒಟ್ಟಿಗೆ ಬಂದಿದ್ದರು. ಸಭೆಯ ಅಧ್ಯಕ್ಷರಾದ ಅಧಿಕಾರಿ ಕನ್ನಡಕ ಏರಿಸಿಕೊಂಡು ಕೇಳಿದರು: "ಹಾಗಾದ್ರೆ ಕೆರೆ ಚೆನ್ನಾಗಿದೆಯೋ, ಕೆಟ್ಟಿದೆಯೋ? ಅದನ್ನ ಹೇಳಿ."

"ಗೊತ್ತಿಲ್ಲ."

ಆ ಸಭಾಂಗಣದಲ್ಲಿ ತಜ್ಞರೊಬ್ಬರ ಬಾಯಿಂದ ಆ ಮಾತು ಬಂದದ್ದು ಬಹುಶಃ ಅದೇ ಮೊದಲು. ಕಾರ್ಖಾನೆಯ ಪ್ರತಿನಿಧಿ ತಟ್ಟನೆ ಎದ್ದ. "ಮೇಡಂ, ಆವಾಗ ತಪ್ಪಿದ್ದೆ ಅಂತ ನೀವೇ ಹೇಳ್ತಿದೀರಿ. ಈಗ ತಪ್ಪಿಲ್ಲ ಅಂತ ನಾವು ಹೇಗೆ ನಂಬೋದು?" ಚಪ್ಪಾಳೆ ಬಿತ್ತು.

"ನನ್ನನ್ನ ನಂಬಬೇಡಿ" ಎಂದಳು ಉಪ್ಪಕ್ಕ. "ಕ್ಲೋರೈಡ್ ನೋಡಿ. ಗಾಜಿನಿಂದ ಅದು ಇಳಿದು ಬರಲ್ಲ, ಹಾಗಾಗಿ ಅದು ಸುಳ್ಳು ಹೇಳಿಲ್ಲ. ಕೆರೆಯಿಂದ ಉಪ್ಪು ಹೋಗಿದ್ರೆ ಅದೂ ಕಮ್ಮಿಯಾಗಬೇಕಿತ್ತು. ಆಗಿಲ್ಲ. ಅವತ್ತೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಾಕಂದ್ರೆ ಅನುಮಾನ ಬರೋದು ನನಗೆ ಬೇಕಿರಲಿಲ್ಲ. ಕೆರೆ ತಾನೇ ಉಪ್ಪು ಕಳ್ಕೊಳ್ಳತ್ತೆ ಅಂತ ಅದರ ಮೇಲೆ ಇನ್ನಷ್ಟು ಉಪ್ಪು ಹೇರಬೇಡಿ. ಅದು ಕಳ್ಕೊಳ್ತಿಲ್ಲ."

ಅಧಿಕಾರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಊಟದ ಹೊತ್ತಂತೂ ಮೀರಿತ್ತು. ಹೊಸದಾಗಿ ಅಳೆದು ನೋಡುವವರೆಗೆ ತೀರ್ಮಾನವಿಲ್ಲ ಎಂದು ಹೇಳಿ ಎದ್ದುಬಿಟ್ಟರು.

ಮರುದಿನ ಪತ್ರಿಕೆಯಲ್ಲಿ ಹೊಳೆಯುವ ಸೀಸೆಗಳ ನಡುವೆ ನಗುತ್ತಿರುವ ಉಪ್ಪಕ್ಕನ ಅದೇ ಫೋಟೋ, ಮೇಲೆ "ವಿಜ್ಞಾನಿಯ ಎಡವಟ್ಟು" ಎಂಬ ದಪ್ಪ ಅಕ್ಷರ. ಬಹುಮಾನ ಕೊಟ್ಟವರು ಫಲಕ ವಾಪಸು ಕೇಳಿದರು. ಒಡೆಯದ ಹಾಗೆ ಬಟ್ಟೆಯಲ್ಲಿ ಸುತ್ತಿ ಕಳಿಸಿದಳು. ಅತ್ತೆ ಮಾತು ಬಿಟ್ಟರು. ಇದರಿಂದ ಮನೆಯಲ್ಲಿ ಹಿಂದೆಂದೂ ಕಾಣದ ಶಾಂತಿ ನೆಲೆಸಿತೆಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಡೈರೆಕ್ಟರು ಉಪ್ಪಕ್ಕನನ್ನು ಎರಡನೇ ಮಹಡಿಯಿಂದ ನೆಲಮಾಳಿಗೆಗೆ ಇಳಿಸಿದರು. "ನಿಮಗೆ ಬಾಟಲಿ ಮೇಲೆ ಅಷ್ಟು ಆಸಕ್ತಿ ಇದೆಯಲ್ಲ, ಉಗ್ರಾಣ ನೋಡ್ಕೊಳ್ಳಿ" ಎಂದರು. ಅವರ ಮಟ್ಟಿಗೆ ಅದು ಶಿಕ್ಷೆ.

ನೆಲಮಾಳಿಗೆಯಲ್ಲಿ ಬಗೆಬಗೆಯ ಗಾಜು ರಾಶಿ ಬಿದ್ದಿತ್ತು: ದಪ್ಪ ಹಸಿರು ಸೀಸೆ, ತೆಳು ಬಿಳಿ ಸೀಸೆ, ಒಲೆಯ ಮೇಲಿಟ್ಟರೂ ಸೀಳದ ಪಾತ್ರೆ. ಮೊದಲ ವಾರ ಉಪ್ಪಕ್ಕ ಮೂಲೆಯಲ್ಲಿ ಕೂತು ಗೋಡೆ ನೋಡಿದಳು. ಎರಡನೇ ವಾರ ಬೇಸರ ತಡೆಯಲಾರದೆ ಎಲ್ಲದಕ್ಕೂ ನೀರು ತುಂಬಿದಳು. ಯಾವ ಗಾಜು ಎಷ್ಟು ಬಿಡುತ್ತದೆ, ಬಿಸಿಗೆಷ್ಟು, ತಣ್ಣಗಿದ್ದರೆಷ್ಟು, ಒಮ್ಮೆ ಬಿಟ್ಟ ಗಾಜು ಮತ್ತೆ ಬಿಡುತ್ತದೆಯೇ ಎಂದು ನೋಡುತ್ತ ಹೋದಳು. ಕೆರೆಯ ಬಗ್ಗೆ ಬರೆಯುವಾಗ ಇಲ್ಲದ ಅನುಮಾನವೆಲ್ಲ ಈಗ ಸೇರಿ ಬಂದಿತ್ತು. ಪ್ರತಿ ಅಂಕಿಯನ್ನೂ ಕಳ್ಳನ ಹಾಗೆ ವಿಚಾರಿಸಿಯೇ ಒಳಗೆ ಬಿಡುತ್ತಿದ್ದಳು. ಒಂದು ಮಧ್ಯಾಹ್ನ ಚುಚ್ಚುಮದ್ದಿನ ಸಣ್ಣ ಸೀಸೆ ಮಾಡುವ ಕಂಪನಿಯವರು ಮೆಟ್ಟಿಲಿಳಿದು ಬಂದರು. ಅವರ ಸೀಸೆಗಳಲ್ಲಿ ಔಷಧಿ ಬೇಗ ಕೆಡುತ್ತಿತ್ತಂತೆ, ಕಾರಣ ಗೊತ್ತಾಗಿರಲಿಲ್ಲ. "ಬಾಟಲಿ ಕರಗತ್ತೆ ಅಂದ ಮೇಡಂ ಇಲ್ಲಿದಾರಾ?" ಎಂದು ಕೇಳಿದರು. ಉಪ್ಪಕ್ಕನಿಗೆ ಆ ಕ್ಷಣ ಆದ ಸಂತೋಷ ಫಲಕ ಬಂದ ದಿನವೂ ಆಗಿರಲಿಲ್ಲ.

ಗಾಜಿನ ಮೇಲಿನ ಪ್ರಬಂಧ ಹೆಸರು ಮಾಡಿತು. ಅದರಲ್ಲಿ ಮೊದಲ ಹೆಸರು ಡೈರೆಕ್ಟರದು. ಬೀಳ್ಕೊಡುಗೆಯ ಭಾಷಣದಲ್ಲಿ ಅವರು, ಉಪ್ಪಕ್ಕನನ್ನು ನೆಲಮಾಳಿಗೆಗೆ ಕಳಿಸಿದ್ದೇ ಈ ಸಂಶೋಧನೆಗಾಗಿ ಎಂದು ಗದ್ಗದಿತರಾಗಿ ನುಡಿದರು.

ಕೆರೆಯನ್ನು ಹೊಸದಾಗಿ ಅಳೆಯಲು ಬೇರೆ ಯಾರೂ ಮುಂದೆ ಬಾರದಿದ್ದರಿಂದ ಆ ಕೆಲಸವೂ ಉಪ್ಪಕ್ಕನಿಗೇ ಬಂತು. ಪ್ಲಾಸ್ಟಿಕ್ ಕ್ಯಾನು ಹಿಡಿದು ದೋಣಿ ಹತ್ತಿದಳು. ತಿಂಗಳುಗಟ್ಟಲೆ ಅಳೆದು ನೋಡಿದರೆ, ಹಿಂದೆ ಕದಲದೆ ಕೂತಿದ್ದ ಕ್ಲೋರೈಡೂ ಈಗ ಸೋಡಿಯಮ್ಮಿನ ಜೊತೆಜೊತೆಯಾಗಿ ನಿಧಾನವಾಗಿ ಏರತೊಡಗಿತ್ತು. ಸಿಹಿಸುದ್ದಿಯಲ್ಲ, ಆದ್ದರಿಂದ ಯಾವ ಪತ್ರಿಕೆಯೂ ಬರೆಯಲಿಲ್ಲ; ಅರ್ಜಿ ಮಾತ್ರ ತಿರಸ್ಕೃತವಾಯಿತು. ಕಾರ್ಖಾನೆಯವರು ಉಪ್ಪುನೀರನ್ನು ತಮ್ಮ ಆವರಣದಲ್ಲೇ ಕಾಯಿಸಿ ಬತ್ತಿಸಿ ಉಪ್ಪು ತೆಗೆಯುವ ಯಂತ್ರ ಹಾಕಿಸಿ, ಗೇಟಿನ ಮೇಲೆ "ಕೆರೆಯ ಮೇಲಿನ ಪ್ರೀತಿಯಿಂದ" ಎಂಬ ಬೋರ್ಡು ತೂಗುಹಾಕಿದರು.

ಅತ್ತೆ ಮತ್ತೆ ಮಾತಾಡತೊಡಗಿದ್ದು ಚುಚ್ಚುಮದ್ದಿನ ಸೀಸೆ ಕಂಪನಿಯ ಕಾರು ಮನೆಯ ಮುಂದೆ ಬಂದು ನಿಂತ ದಿನ. ಸಂಜೆಯೊಳಗೆ ಮಹಡಿ ಮನೆಯವರಿಗೂ ಸುದ್ದಿ ಮುಟ್ಟಿತ್ತು. ಒಂದು ದಿನ ಉಪ್ಪಕ್ಕ ಮನೆಗೆ ಬಂದರೆ ಗಾಜಿನ ಲೋಟಗಳೆಲ್ಲ ಅಟ್ಟ ಸೇರಿದ್ದವು, ಅಡುಗೆಮನೆ ತುಂಬ ಸ್ಟೀಲು.

"ಇದೇನತ್ತೆ?"

"ನನಗೆ ಬಿ.ಪಿ. ಇದೆ. ಉಪ್ಪು ಮುಟ್ಟಬಾರದು ಅಂದಿದಾರೆ ಡಾಕ್ಟ್ರು."

"ಅತ್ತೆ, ಲೋಟದಿಂದ ಅಷ್ಟು ಇಳಿಯಬೇಕು ಅಂದ್ರೆ ನೀರು ಅದರಲ್ಲೇ ವರ್ಷಗಟ್ಟಲೆ ಇರಬೇಕು."

"ನಾನು ಮೊದಲೇ ನಿಧಾನವಾಗಿ ಕುಡಿಯೋಳು" ಎಂದರು ಅತ್ತೆ.