ಖಂಡೆ ಪೂಜೆಗೆ ಒಂದು ಲಿನಕ್ಸು

ನಮ್ಮ ಮಾವ ದೇವರನ್ನು ನಂಬುತ್ತಿದ್ದರು, ಮೋಟಾರನ್ನು ನಂಬುತ್ತಿದ್ದರು, ಉಳಿದ ಯಾವುದನ್ನೂ ನಂಬುತ್ತಿರಲಿಲ್ಲ. ಕೊಪ್ಪಳಕ್ಕೆ ಹತ್ತಿಕೊಂಡ ಭಾಗ್ಯನಗರದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಅವರು ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿದ್ದರು. ನಡೆಸಿದ್ದರು ಅನ್ನುವುದು ಊರ ಮಾತು. ಬೆಳಗಿನಿಂದ ಸಂಜೆಯ ತನಕ ಬಿಳಿ ಹುಬ್ಬು, ಬಿಳಿ ರೆಪ್ಪೆ ಹೊತ್ತು ಜೋಳ ಸುರಿಯುತ್ತಿದ್ದವರು ಅತ್ತೆ. ಮಾವ ಹೊರಗೆ ಕಟ್ಟೆಯ ಮೇಲೆ ಕೂತು ಗಿರಾಕಿಗಳ ಜೊತೆ ರಾಜಕೀಯ ಅರೆಯುತ್ತಿದ್ದರು. ಆ ಗಿರಣಿಯ ಸದ್ದಿಗೆ ಅತ್ತೆಯ ಎಡಗಿವಿ ಮಂದವಾಗಿಹೋಗಿತ್ತು. ಮಾವ ಏನಾದರೂ ಕೆಲಸ ಹೇಳಿದರೆ ಅದೇ ಕಿವಿಯನ್ನು ಅವರ ಕಡೆ ತಿರುಗಿಸಿ ಕೂರುವುದನ್ನು ಅತ್ತೆ ಆಮೇಲೆ ಕಲಿತರು.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಗಿರಣಿಯ ಮೋಟಾರು ಸುಟ್ಟು, ಯಂತ್ರವೆಲ್ಲ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ಮಲಗಿತ್ತು. ಕೊಪ್ಪಳ ಜಿಲ್ಲೆಯಾಗಿ ಏಳೆಂಟು ವರ್ಷವಾಗಿದ್ದ ಕಾಲ. ಊರಲ್ಲಿ ಎಲ್ಲಿ ನೋಡಿದರೂ ಹೊಸ ಆಫೀಸು, ಎಲ್ಲ ಆಫೀಸಿಗೂ ಟೈಪು ಬರುವವರು ಬೇಕು. ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಿದ್ದೆ. ಖಾಲಿ ಖೋಲಿ ಕೇಳಿ, ಒಂದು ಕಂಪ್ಯೂಟರ್ ಇಟ್ಟು, ಓಣಿಯ ಹುಡುಗಿಯರಿಗೆ ಟೈಪಿಂಗ್ ಕಲಿಸತೊಡಗಿದೆ. ಒಂದೇ ಮಷೀನಿಗೆ ಪಾಳಿ ಹಚ್ಚಿ ಕೂರುತ್ತಿದ್ದರು. ಪಾಳಿ ಬರುವ ತನಕ ಮಿರ್ಚಿ ಭಜಿ ತಿನ್ನುತ್ತ, ಅತ್ತೆಯನ್ನು ನಗಿಸುತ್ತ ಇರುತ್ತಿದ್ದರು.

ಆ ವರ್ಷ ಮಾನೌಮಿ, ಅಂದರೆ ಆಯುಧ ಯಂತ್ರಗಳಿಗೆ ಖಂಡೆ ಪೂಜೆ ಮಾಡುವ ಮಹಾನವಮಿ, ಸಮೀಪಿಸಿದಾಗ ನನ್ನ ಕಂಪ್ಯೂಟರಿಗೆ ವೈರಸ್ ಬಡಿಯಿತು. ಯಾರದೋ ಫ್ಲಾಪಿಯಲ್ಲಿ ಬಂದ ಪೀಡೆ. ನನ್ನ ವಿಂಡೋಸಾದರೂ ಎಂಥದ್ದು, ಯಾರದೋ ಕಾಪಿಯ ಕಾಪಿ. ಒಂದು ದಿನ ಎದ್ದೇಳಲೇ ಇಲ್ಲ. ಕುಷ್ಟಗಿಯ ಸರ್ಕಾರಿ ಆಫೀಸಿನಲ್ಲಿದ್ದ ನನ್ನ ಗಂಡ ವಾರಕ್ಕೊಮ್ಮೆ ಬರುತ್ತಿದ್ದವರು, ಬಂದವರು "ಫಾರ್ಮ್ಯಾಟ್ ಹೊಡಿ" ಎಂದು ಎರಡೇ ಮಾತಲ್ಲಿ ಗಂಡನ ಕರ್ತವ್ಯ ಮುಗಿಸಿ, ಊಟ ಮಾಡಿ ಮಲಗಿದರು.

ಮಾವ ಮಾತ್ರ ಸುಮ್ಮನೆ ಕೂರಲಿಲ್ಲ. ಯಾರಿಗೂ ಹೇಳದೆ ಗಿರಣಿಯ ಮೋಟಾರಿಗೆ ಹೊಸ ತಂತಿ ಸುತ್ತಿಸಿಕೊಂಡು ಬಂದರು. ಹಿತ್ತಲಿನಲ್ಲಿ ಅದು ಭರ್ರೆಂದು ತಿರುಗಿದಾಗ ಅವರ ಮುಖದಲ್ಲಿ ಹರೆಯ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ತೀರ್ಪು ಹೇಳಿದರು.

"ನೋಡವಾ ತಂಗಿ, ಖಂಡೆ ಪೂಜಿ ದಿನ ಯಾವ ಮಷೀನಿಗೆ ಜೀವ ಇರ್ತೈತೋ ಖೋಲಿ ಅದರದು. ಸತ್ತ ಮಷೀನಿಗೆ ನಾ ಕುಂಕುಮ ಹಚ್ಚಂಗಿಲ್ಲ. ಗಿರಣಿ ತರೋ ಮುಂದ ಮನಿದೇವ್ರಿಗೆ ಹೂ ಕೇಳೇ ತಂದೀನಿ. ಬಲಕ್ಕ ಬಿದ್ದಿತ್ತು. ಹಂಗ ಸುಮ್ನ ತಂದದ್ದಲ್ಲ."

ಮನೆಯಲ್ಲಿ ಏನೇ ದೊಡ್ಡ ಕೆಲಸವಿರಲಿ, ಮಾವ ಮೊದಲು ದೇವರ ಎರಡೂ ಬದಿಗೆ ಒದ್ದೆ ಹೂ ಅಂಟಿಸಿ ಕೇಳುತ್ತಿದ್ದರು. ಬಲಗಡೆಯ ಹೂ ಉದುರಿದರೆ ಅಪ್ಪಣೆ, ಎಡಗಡೆಯದು ಉದುರಿದರೆ ಬೇಡ. ನನ್ನನ್ನು ಸೊಸೆ ಮಾಡಿಕೊಂಡದ್ದೂ ಹಾಗೆಯೇ. ಅಂದು ಎಡಕ್ಕೆ ಬೀಳಬೇಕಿತ್ತೇನೋ ಎಂದು ಆ ರಾತ್ರಿ ನನಗೆ ಅನಿಸಿತು. ನಾಳೆಯಿಂದ ಬರಬೇಡಿ ಎಂದು ಹುಡುಗಿಯರಿಗೆ ಯಾವ ಬಾಯಿಂದ ಹೇಳಲಿ? ಅತ್ತೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ವಿಂಡೋಸಿನ ಬದಲಿಗೆ ಹಾಕಲು ಲಿನಕ್ಸ್ ಅನ್ನುವುದೊಂದಿದೆ, ಪುಕ್ಕಟೆ, ವೈರಸ್ಸೂ ಹತ್ತುವುದಿಲ್ಲ ಎಂದು ಡಿಪ್ಲೊಮಾದಲ್ಲಿ ಕೇಳಿದ್ದೆ. ಗಂಗಾವತಿಯ ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿಯ ಚಾಚಾ ಒಬ್ಬರಿದ್ದರು. ಸಿನಿಮಾ ಸಿಡಿ ಕಾಪಿ ಮಾಡುವುದರಲ್ಲಿ ಎತ್ತಿದ ಕೈ. ಅವರ ಹತ್ತಿರ ಲಿನಕ್ಸಿನ ಮೂರು ಸಿಡಿಗಳಿದ್ದವು. ಇದನ್ನು ಕಾಪಿ ಮಾಡುವುದು ತಪ್ಪಲ್ಲ, ಅದನ್ನು ಮಾಡಿದವರೇ ಎಲ್ಲರಿಗೂ ಹಂಚಿರಿ ಅಂದಿದ್ದಾರೆ ಎಂದು ನಾನು ವಿವರಿಸಿದೆ. ಚಾಚಾನ ಮುಖ ಬಾಡಿತು.

"ಕದೀಲಾರದ್ದು ಕಾಪಿ ಮಾಡಾಕ ಏನ್ ಮಜಾ ಐತ್ರಿ ಅಕ್ಕಾರ?" ಎಂದು ನಿಟ್ಟುಸಿರಿಟ್ಟು ಮಾಡಿಕೊಟ್ಟರು.

ಮನೆಗೆ ಬಂದು ಮೊದಲ ಸಿಡಿ ಹಾಕಿದೆ. ಸಿಡಿ ಸರಿ ಇದೆಯೋ ಪರೀಕ್ಷಿಸಲೇ ಎಂದು ಲಿನಕ್ಸೇ ವಿನಯದಿಂದ ಕೇಳಿತು. ನನಗೆ ಅವಸರ, ಬೇಡವೆಂದೆ. ಅಚ್ಚುಕಟ್ಟಾಗಿ ಶುರುವಾಯಿತು. ಪರದೆಯ ಮೇಲೆ ನೀಲಿ ಪಟ್ಟಿ ಬೆಳೆಯುತ್ತ ಒಂದೊಂದೇ ಪ್ಯಾಕೇಜು, ಅಂದರೆ ಒಂದೊಂದು ಸಾಫ್ಟ್‌ವೇರಿನ ಗಂಟು, ಒಳಗೆ ಇಳಿಯುತ್ತಿತ್ತು. ಎರಡನೇ ಸಿಡಿಯೂ ಆಯಿತು. ಮೂರನೆಯದರಲ್ಲಿ ಪಟ್ಟಿ ನಿಂತು ಒಂದು ಸಂದೇಶ ಮೂಡಿತು. ಈ ಪ್ಯಾಕೇಜನ್ನು ತೆರೆಯಲಾಗುತ್ತಿಲ್ಲ, ಫೈಲು ಇಲ್ಲದಿರಬಹುದು ಅಥವಾ ಕೆಟ್ಟಿರಬಹುದು, ಮತ್ತೆ ಪ್ರಯತ್ನಿಸಲು ಓಕೆ ಒತ್ತಿರಿ. ಓಕೆ ಒತ್ತಿದೆ. ಅದೇ ಸಂದೇಶ. ಓಕೆ ಬಿಟ್ಟು ಬೇರೆ ಗುಂಡಿಯೇ ಇರಲಿಲ್ಲ. ನಾನೂ ಒಂದು ಮನೆಯ ಸೊಸೆ, ಆ ಪರಿಸ್ಥಿತಿ ನನಗೆ ಹೊಸದೇನೂ ಆಗಿರಲಿಲ್ಲ.

ಸಿಡಿ ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಹೆಬ್ಬೆರಳಿನ ಎಣ್ಣೆ ಗುರುತು. ಯಾವಳೋ ಮಿರ್ಚಿ ತಿಂದ ಕೈಯಲ್ಲಿ ಮುಟ್ಟಿದ್ದಳು. "ಮಿರ್ಚಿ ಎಣ್ಣಿ ಹತ್ತಿ ಹೊಲಸಾಗೈತಿ, ಅದಕ್ಕ ಓದವಲ್ದು" ಎಂದು ಮನೆಗೆಲ್ಲ ಕೇಳುವಂತೆ ಒದರಿ, ಸೆರಗಿನಿಂದ ಒರೆಸಿ, ಕಿಟಕಿಯಲ್ಲಿಟ್ಟು ಕೈ ತೊಳೆಯಲು ಹೋದೆ. ತಿರುಗಿ ಬಂದು ಹಾಕಿದಾಗ ಸಿಡಿ ಡ್ರೈವು ಕೆಮ್ಮಿದ ಹಾಗೆ ಸದ್ದು ಮಾಡಿತು. ಮೊದಲು ಒಂದೇ ಪ್ಯಾಕೇಜು ಕೆಟ್ಟಿತ್ತು. ಈಗ ಕಂಪ್ಯೂಟರು ಸಿಡಿಯನ್ನೇ ಗುರುತಿಸಲಿಲ್ಲ.

ಮರುದಿನ ಮತ್ತೆ ಗಂಗಾವತಿ ಬಸ್ಸು. ಚಾಚಾ ನನ್ನ ಮಾತು ಕೇಳಿ ತಮ್ಮ ಮರ್ಯಾದೆ ಹೋದವರಂತೆ ಎದ್ದು ನಿಂತರು.

"ನಮ್ ಸಿಡಿ ಹಾಕ್ಕೊಂಡು ಅರ್ಧ ಗಂಗಾವತಿ ಸಿನಿಮಾ ನೋಡ್ತೈತ್ರಿ. ಜೋರ್ ಸ್ಪೀಡ್‌ನ್ಯಾಗ ಬರದ್ರ ಕಚ್ಚಾ ಉಳೀತಾವು. ಈ ಸಲ ಆರಾಮ ಬರಿಯೂಣು, ನೀವು ಚಾ ಕುಡೀರಿ."

ಅತಿ ನಿಧಾನದ ವೇಗದಲ್ಲಿ ಮೂರನೇ ಸಿಡಿಯನ್ನು ಹೊಸದಾಗಿ ಬರೆದು, ತಮ್ಮ ಕಂಪ್ಯೂಟರಿನಲ್ಲಿಯೇ ಪರೀಕ್ಷಿಸಿ, ಪಾಸ್ ಎಂದು ಬಂದದ್ದನ್ನು ನನಗೆ ತೋರಿಸಿ, ಪೇಪರಿನಲ್ಲಿ ಸುತ್ತಿ ಕೊಟ್ಟರು. ನಾನು ಅದನ್ನು ದಾರಿಯುದ್ದಕ್ಕೂ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಯಲ್ಲಿ ಕಿಟಕಿಯಲ್ಲಿಟ್ಟು, ಕಾಲು ತೊಳೆದು, ಅತ್ತೆ ಕಾಸಿಟ್ಟ ಚಹಾ ಕುಡಿದು ಬಂದು, ಈ ಸಲ ಜಾಣಳಾಗಿ ಮೊದಲು ಪರೀಕ್ಷೆಗೇ ಹಚ್ಚಿದೆ. ಒಂದನೆಯದು ಪಾಸು, ಎರಡನೆಯದು ಪಾಸು, ಮೂರನೆಯದು ಫೇಲು.

ನನಗೆ ತಲೆ ಕೆಟ್ಟುಹೋಯಿತು. ಗಂಗಾವತಿಯಲ್ಲಿ ಪಾಸಾದದ್ದು ಭಾಗ್ಯನಗರಕ್ಕೆ ಬಂದು ಫೇಲಾಗುವುದೆಂದರೇನು? ಡ್ರೈವಿನ ಮೇಲೆ ಅನುಮಾನ ಬಂದು ಕೇಬಲ್ ಬಿಚ್ಚಿ ಹಾಕಿದೆ. ರ‍್ಯಾಮ್ ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದೆ. ಬಸ್ಸಿನ ಕುಲುಕಾಟ, ಬಿಸಿಲು, ಧೂಳು, ಎಲ್ಲವನ್ನೂ ಬೈದೆ. ಮಾವ ಬಾಗಿಲಲ್ಲಿ ನಿಂತು ಟೇಪು ಹಿಡಿದು ಖೋಲಿಯ ಅಳತೆ ತೆಗೆದುಕೊಳ್ಳುತ್ತಿದ್ದರು. ಕಂಪ್ಯೂಟರಿನ ಮೇಲಿನ ಸಿಟ್ಟನ್ನು ಅವರ ಮೇಲೆ ತೋರಿಸಲಾಗದೆ ಹಿತ್ತಲಿಗೆ ಹೋದೆ.

ಅಲ್ಲಿ ಹಬ್ಬದ ಪಾತ್ರೆ ಬೆಳಗುವ ಸಂಭ್ರಮ ನಡೆದಿತ್ತು. ಮಾನೌಮಿಗೆ ಮನೆಯ ಒಂದು ಚಮಚವೂ ಮಾಸಿರಬಾರದು ಅನ್ನುವುದು ಅತ್ತೆಯ ಹಟ. ಬೂದಿ ಹುಣಸೆಹಣ್ಣು ಹಚ್ಚಿ ಅವರು ತಿಕ್ಕಿದ ತಾಮ್ರದ ಕೊಡ ನೋಡಲು ಓಣಿಯ ಹೆಂಗಸರು ಬರುತ್ತಿದ್ದರು. ಚರಿಗೆ, ಸಮೆ ದೀಪ, ತಾಟುಗಳ ಸಾಲಿನಲ್ಲಿ, ಬಿಸಿಲಿಗೆ ಬೋರಲು ಹಾಕಿ ಒಣಗುತ್ತಿದ್ದದ್ದು ನನ್ನ ಹಳೆಯ ಮೂರನೇ ಸಿಡಿ, ಮೊದಲ ಸಲ ತಂದದ್ದು.

"ಅತ್ತೀ, ಇದೇನ್ ಮಾಡೀರಿ?"

"ನೀನ ಅಂದಿದ್ದೆಲ್ಲವಾ, ಎಣ್ಣಿ ಹತ್ತೈತಿ ಅಂತ. ಸೆರಗಿಲೆ ಒರಸಿದ್ರ ಎಣ್ಣಿ ಹೋಗ್ತೈತೇನು? ಅವತ್ತ ತಿಕ್ಕಿಟ್ಟೆ. ಹೊಸಾದು ತಂದ ಕೂಡ್ಲೇನೂ ತಿಕ್ಕಿಟ್ಟೆ. ಎಷ್ಟ್ ತಿಕ್ಕಿದ್ರೂ ಆ ಬಣ್ಣಬಣ್ಣದ ಎಣ್ಣಿ ಮಾತ್ರ ಹೋಗವಲ್ದು ನೋಡು. ಎಂಥಾ ಮಿರ್ಚಿ ತಿಂದಿದ್ಲೋ ಏನೋ ಆಕಿ!"

ಸಿಡಿಯ ಮೇಲಿನ ಕಾಮನಬಿಲ್ಲಿನ ಹೊಳಪು ಅವರಿಗೆ ನೀರಿನ ಮೇಲೆ ತೇಲುವ ಎಣ್ಣೆಯಂತೆ ಕಂಡಿತ್ತು. ಎತ್ತಿ ನೋಡಿದೆ. ಬೂದಿಯ ಗೀರುಗಳು ಸುತ್ತಲೂ ಮೂಡಿದ್ದವು. ನನಗೆ ಅಳು ಬಂತು, ಆದರೆ ಬಾಯಿಂದ ಬಂದದ್ದು ನಗು. ತಡೆಯಲಾಗದೆ ಕಲ್ಲಿನ ಮೇಲೆ ಕೂತು ನಕ್ಕೆ. ಆ ಗೀರುಗಳಿಂದಲೇ ಸಿಡಿ ಓದಲಾಗುತ್ತಿಲ್ಲ ಎಂದು ತಿಳಿಸಿ ಹೇಳಿದಾಗ ಅತ್ತೆಯ ಕೈ ಬೂದಿಯಲ್ಲಿಯೇ ನಿಂತಿತು. ಅವರು ಯಾವಾಗಲೂ ಮಾಡಿದ್ದನ್ನು ಹೇಳಿಕೊಳ್ಳುವವರಲ್ಲ, ಅಂದು ಮೊದಲ ಸಲ ಹೇಳಿದರು.

"ಗಿರಣಿ ಬಂದ್ರ ಇನ್ನೊಂದ್ ಕಿವೀನೂ ಹೋಗ್ತೈತಿ ಅಂತ ತಿಕ್ಕಿದ್ನೆವಾ. ಆ ಹುಡುಗೇರ ಮಾತು ಕೇಳಾಕ ಒಂದರ ಕಿವಿ ಇರಲಿ ಅಂತ."

ಆಗ ನನ್ನ ನಗು ನಿಂತಿತು. ಖೋಲಿ ನನಗೆ ಮಾತ್ರ ಬೇಕಾಗಿದೆ ಎಂದು ಅಷ್ಟು ದಿನ ತಿಳಿದಿದ್ದೆ.

ನಾಳೆಯೇ ಪೂಜೆ. ಹಬ್ಬಕ್ಕೆ ಚಾಚಾ ಅಂಗಡಿ ಮುಚ್ಚಿ ಹುಲಿಹೈದರ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋಗುವುದಾಗಿ ಮೊದಲೇ ಹೇಳಿದ್ದರು. ಉಳಿದ ದಾರಿ ಒಂದೇ, ಮೂರನೇ ಸಿಡಿಯ ತಂಟೆಗೇ ಹೋಗದೆ ಲಿನಕ್ಸ್ ಹಾಕುವುದು. ಮೊದಲಿನಿಂದ ಶುರುಮಾಡಿ, ಬೇಡದ ಪ್ಯಾಕೇಜುಗಳ ಮುಂದಿನ ಗುರುತು ತೆಗೆಯುತ್ತ ಬಂದೆ. ಅದು ಮದುವೆಗೆ ಕರೆಯುವವರ ಪಟ್ಟಿ ಸಣ್ಣದು ಮಾಡಿದ ಹಾಗೆ. ಒಂದನ್ನು ಬಿಟ್ಟರೆ ಅದನ್ನು ನಂಬಿದ ಇನ್ನೊಂದು ಮುನಿಸಿಕೊಳ್ಳುತ್ತಿತ್ತು, ಅದನ್ನೂ ಬಿಡಿ ಎಂದು ಲಿನಕ್ಸೇ ಹೇಳುತ್ತಿತ್ತು. ಆಟಗಳು ಹೋದವು, ಹಾಡು ಹೋದವು, ಚಿತ್ರ ಬಿಡಿಸುವುದು ಹೋಯಿತು. ಕೊನೆಗೆ ಬಣ್ಣದ ಪರದೆ, ಮೌಸಿನ ಬಾಣ, ಎಲ್ಲವೂ ಹೋಗಿ ಬೀಗರಿಲ್ಲದ ಮದುವೆಯಾಯಿತು. ಆದರೆ ನೀಲಿ ಪಟ್ಟಿ ಕೊನೆಯವರೆಗೂ ಬೆಳೆಯಿತು. ಕಂಪ್ಯೂಟರು ಎದ್ದಿತು. ಕರೀ ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಸಣ್ಣ ಗೆರೆ, ಅಷ್ಟೇ.

ಪೂಜೆಯ ದಿನ ಮಾವ ಹಿತ್ತಲಿನ ಗಿರಣಿಗೆ ಹಾರ ಹಾಕಿ, ಸೈಕಲ್ಲಿಗೆ, ಕುಡಗೋಲಿಗೆ ಕುಂಕುಮ ಹಚ್ಚಿ, ಕಣಗಿಲೆ ಹೂವಿನ ಬುಟ್ಟಿ ಹಿಡಿದು ಖೋಲಿಗೆ ಬಂದರು. ಹಿಂದೆ ಅತ್ತೆ, ಬಾಗಿಲ ತುಂಬ ಹುಡುಗಿಯರು. ಮಾವ ಕರೀ ಪರದೆಯನ್ನು ನೋಡಿ ಮೀಸೆಯಲ್ಲಿಯೇ ನಕ್ಕರು.

"ಇದಕ್ಕ ಜೀವ ಎಲ್ಲೈತವಾ?"

"ಅಲ್ಲೇ ಮಿಣಕ್ ಮಿಣಕ್ ಅನ್ನಾಕತ್ತೈತಲ್ರಿ" ಎಂದರು ಅತ್ತೆ.

"ಮಿಣಕ್ ಅಂದ್ರ ಜೀವ ಅಲ್ಲ. ತಾನ ಏನರ ಮಾಡಿ ತೋರಸ್ಬೇಕು."

ನನ್ನ ಕೈ ಕೀಬೋರ್ಡಿನ ಮೇಲಿತ್ತು. ಸಿಡಿಯ ತಟ್ಟೆಯನ್ನು ಹೊರಗೆ ತಳ್ಳುವ ಆಜ್ಞೆಯೊಂದು ಆ ಬಡ ಲಿನಕ್ಸಿನಲ್ಲಿಯೂ ಉಳಿದಿತ್ತು. ಟೈಪು ಮಾಡಿ ಎಂಟರ್ ಒತ್ತಿದೆ. ಡಬ್ಬಿಯ ಎದೆ ಬಿರಿದು ತಟ್ಟೆ ಸರ್ರನೆ ಹೊರಬಂತು. ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಚಾಚಿದ ಕೈಯನ್ನು ಖಾಲಿ ಬಿಡಬಾರದೆಂಬ ಸಂಸ್ಕಾರದವರಲ್ಲವೇ, ಒಂದು ಕಣಗಿಲೆ ಹೂವನ್ನು ತಟ್ಟೆಯ ಮೇಲಿಟ್ಟರು. ಇಡುವಾಗ ಬೆರಳು ತಾಗಿತು. ತಟ್ಟೆ ಹೂವಿನ ಸಮೇತ ಒಳಗೆ ಹೋಗಿಬಿಟ್ಟಿತು.

ಒಳಗೆ ಗರ್ರೆಂದು ತಿರುಗುವ ಸದ್ದು. ಮಾವ ನನ್ನ ಮುಖ ನೋಡಿದರು, ನಾನು ಏನೂ ಅರಿಯದವಳಂತೆ ಅವರ ಮುಖ ನೋಡಿದೆ. ನೋಡುತ್ತಲೇ ಬೆರಳುಗಳು ಅದೇ ಆಜ್ಞೆಯನ್ನು ಮತ್ತೆ ಟೈಪು ಮಾಡಿ ಎಂಟರ್ ಒತ್ತಿದವು. ತಟ್ಟೆ ಹೊರಬಂತು. ಅದರ ಬಲ ಅಂಚಿನಲ್ಲಿ, ಎಸಳು ಸ್ವಲ್ಪ ಮುರುಟಿ, ಹೂ ಇತ್ತು.

"ಹೂ ಕೊಟ್ತರೀ!" ಎಂದು ಅತ್ತೆ ಕೈ ಮುಗಿದು ಒದರಿದರು. "ಬಲಕ್ಕ ಕೊಟ್ತು!"

ಹುಡುಗಿಯರೂ ಕೈ ಮುಗಿದರು. ಮಾವ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಕಿವಿಯ ಮೇಲಿಟ್ಟುಕೊಂಡು, ಕಂಪ್ಯೂಟರಿಗೆ ಕುಂಕುಮ ಹಚ್ಚಿದರು. ಅದೂ ಪರದೆಯ ನಟ್ಟನಡುವೆ ಹಚ್ಚಿದರು. ದೇವರ ಅಪ್ಪಣೆಯ ಮೇಲೆ ಅವರು ಎರಡನೇ ಮಾತು ಆಡುವವರಲ್ಲ. ಅಳತೆಯ ಟೇಪನ್ನು ಅಂದೇ ಅಟ್ಟಕ್ಕೆ ಎಸೆದರು.

ಸಂಜೆ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದ ಅತ್ತೆಯ ಪಕ್ಕ ಕೂತೆ. ಅವರು ಹಂಚಿನ ಮೇಲಿನ ಕಣ್ಣು ತೆಗೆಯದೆ ಕೇಳಿದರು.

"ಎಂಟರ್ ಅಂತಾರಲ್ಲ, ಅದು ಬಲಗಡೆ ದೊಡ್ಡ ಗುಂಡಿ ಹೌದಲ್ಲೋ?"

ನನ್ನ ಬೆರಳನ್ನು ಅವರು ನೋಡಿದ್ದರು. ಬೈಯುತ್ತಾರೆಂದು ಕಾದೆ. ಅವರು ಹೋಳಿಗೆ ತಿರುವಿ ಹಾಕಿ ತುಪ್ಪ ಬಿಟ್ಟರು.

"ಗಿರಣಿ ತರೋ ಮುಂದ ಹೂ ಬಲಕ್ಕ ಬಿತ್ತಲ್ಲ, ಆವತ್ತ ದೇವರ ಕ್ವಾಣ್ಯಾಗ ನಿಮ್ ಮಾವ ಒಬ್ರ ಇದ್ರು. ಹೂ ಹಚ್ಚಿ ತಾಸಾದ ಮ್ಯಾಲ ಹೊರಗ ಬಂದ್ರು, ಆದ್ರೂ ಅವರ ಬಲಗೈ ಬೆರಳು ಈಗ ಹೂ ಮುಟ್ಟಿದಂಗ ಒದ್ದಿಯಾಗಿದ್ವು. ನಾ ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ." ಬಿಸಿ ಹೋಳಿಗೆಯನ್ನು ನನ್ನ ತಾಟಿಗೆ ಹಾಕಿ, ಸರಿ ಇದ್ದ ಕಿವಿಯನ್ನು ನನ್ನ ಕಡೆ ತಿರುಗಿಸಿದರು. "ನಾಳೆ ಹುಡುಗೇರು ಎಷ್ಟೊತ್ತಿಗೆ ಬರ್ತಾರ?"