ತಮಟೆಯ ಮೇಲಿನ ಹುರುಳಿ

ನಾನಿದ್ದ ಶಿಡ್ಲಘಟ್ಟದ ಬಸ್ಸು ಮೇಲೂರಿನಲ್ಲಿ ಪಂಕ್ಚರ್ ಆಗಿ ನಿಂತಿತ್ತು. ಟೀ ಅಂಗಡಿಯ ಪಕ್ಕದ ಬಯಲಿನಲ್ಲಿ ರತ್ನ ಎಂಬ ಯುವತಿ, ನೆಲಕ್ಕಿಟ್ಟ ತಮಟೆಯ ಮೇಲೆ ಹುರುಳಿ ಹರಡಿ ತನ್ನ ಹೆಣ್ಣು ಕುದುರೆಗೆ ತಿನ್ನಿಸುತ್ತಿದ್ದಳು. ತಮಟೆ ಯಾಕೆಂದು ಕೇಳಿದೆ.

“ಇದರ ಸದ್ದಿಗೆ ಇವಳು ಬೆದರ್ತಾಳೆ ಅಕ್ಕ. ಬರೋ ತಿಂಗಳು ನನ್ನ ಮದುವೆ. ಮೆರವಣಿಗೇಲಿ ಇವಳ ಮೇಲೆ ನಾನೇ ಕೂತ್ಕೊಂಡು ಹೋಗ್ತೀನಿ.”

ತಮಟೆಯ ಅಂಚಿಗೆ ಬೆರಳಿನಿಂದ ತಟ್ಟಿದಳು. ಕುದುರೆ ತಲೆ ಎತ್ತಿ ಹಿಂದೆ ಸರಿಯಿತು. ರತ್ನ ಹಗ್ಗ ಎಳೆಯಲಿಲ್ಲ. ಸಡಿಲ ಬಿಟ್ಟು ಕಾದಳು. ಅದು ತಾನಾಗಿಯೇ ಬಂದು ಮತ್ತೆ ಹುರುಳಿಗೆ ಬಾಯಿ ಹಾಕಿತು.

ಬೆಂಚಿನ ಮೇಲಿದ್ದ ಅವಳ ಸೋದರಮಾವ ಚಾವಟಿ ಹಿಡಿದು ಎದ್ದರು. “ಹಿಂಗಾದ್ರೆ ಆಗಲ್ಲಮ್ಮ. ಎರಡು ಬಿಟ್ರೆ ಕಲ್ಕೊಳ್ತದೆ. ಇಲ್ಲಾಂದ್ರೆ ಎಲ್ಲರ ತರ ಕಾರಲ್ಲಿ ಹೋಗು. ಮದುವೆ ಹೆಣ್ಣು ಕುದುರೆ ಮೇಲೆ ಕೂರೋದನ್ನ ಇಲ್ಲಿ ಯಾರು ನೋಡಿದ್ದಾರೆ?”

“ಇನ್ಮೇಲೆ ನೋಡ್ತಾರೆ. ಏಟಿಗೆ ಹೆದರಿ ನಿಂತಿರೋ ಕುದುರೆ ಮೇಲೆ ನಾನು ಕೂರಲ್ಲ ಮಾವ. ಕಾರೂ ಹತ್ತಲ್ಲ. ಅಷ್ಟರಲ್ಲಿ ಇವಳು ಕಲೀಲಿಲ್ಲಾಂದ್ರೆ ಇವಳ ಪಕ್ಕದಲ್ಲೇ ನಡ್ಕೊಂಡು ಹೋಗ್ತೀನಿ.”

ಅವರ ಕೈಯಿಂದ ಚಾವಟಿ ಕಿತ್ತುಕೊಂಡು, ಅದೇ ಕೈಯಲ್ಲಿ ತಮಟೆ ಬಾರಿಸುವ ಕಡ್ಡಿ ಇಟ್ಟಳು. “ಕೈ ಸುಮ್ನಿರಲ್ಲ ಅಂದ್ರೆ ಇದನ್ನ ಬಾರ್ಸಿ. ಮೆಲ್ಲಗೆ.”

ಮಾವ ಅಂಗಡಿಯವರ ಮುಖ ನೋಡಿದರು, ನನ್ನ ಮುಖ ನೋಡಿದರು. ನಾವು ಟೀ ಕುಡಿಯುತ್ತಲೇ ಇದ್ದೆವು. ಕೊನೆಗೆ ಕುಕ್ಕರಗಾಲಲ್ಲಿ ಕೂತು, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಬಾರಿಸಿದರು. ಕುದುರೆಯ ಕಿವಿ ಅಲ್ಲಾಡಿತು, ಬಾಯಿ ಮೇಲೇಳಲಿಲ್ಲ.

ಟೈರು ಬದಲಾಗಿತ್ತು. ಕಂಡಕ್ಟರ್ ಸೀಟಿ ಊದಿ ನನ್ನನ್ನು ಕರೆದ.

“ಊದ್ಬೇಡಪ್ಪ,” ಎಂದು ಗದರಿದರು ಮಾವ. “ತಿಂತಾ ಇದಾಳೆ, ಕಾಣ್ಸಲ್ವಾ?”